ಹೊನ್ನಿಯ ಜಾತಕ

ನನ್ನ ಕುರ್ಚಿಗೆ ಈಗ ಸ್ಮಿತಾ ಬಂದಿದ್ದಾಳೆ. ಹೋದ ತಿಂಗಳು ಮನೆಗೆ ಬಂದು, "ಸರ್, ಈ ಕೆಲಸಕ್ಕೆ ಹೊಸದಾಗಿ ಸೇರೋರು ಓದ್ಕೊಳ್ಳೋಕೆ ಒಂದು ಪುಸ್ತಕಾನೂ ಇಲ್ಲ. ನೀವು ಮಾಡಿದ್ದನ್ನ ಮಾಡಿದ ಹಾಗೇ ಬರೆದುಕೊಡಿ" ಎಂದಳು. ಒಪ್ಪಿಕೊಂಡೆ. ನಿವೃತ್ತನಾದವನ ಹತ್ತಿರ ಯಾರಾದರೂ ಬಂದು ಏನನ್ನಾದರೂ ಕೇಳಿದರೆ ಇಲ್ಲ ಎನ್ನಲು ಬಾಯಿ ಬರುವುದಿಲ್ಲ. ಯಾವ ವರ್ಷ ಬಡ್ತಿ ಸಿಕ್ಕಿತು, ಯಾರು ಶಾಲು ಹೊದೆಸಿದರು ಎಂಬುದನ್ನೆಲ್ಲ ಬಿಟ್ಟುಬಿಡುತ್ತೇನೆ. ಅದರಿಂದ ನನಗೇ ಏನೂ ಆಗಲಿಲ್ಲ, ನಿಮಗೇನಾದೀತು.

ಕೆಲಸ ಏನೆಂಬುದನ್ನು ಮೊದಲು ಹೇಳಬೇಕು, ಏಕೆಂದರೆ ನನ್ನ ಹೆಂಡತಿಗೇ ಅದು ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಹಾಸನದಲ್ಲಿ ಒಂದು ಹಾರ್ಡ್‌ವೇರ್ ಅಂಗಡಿಯ ಮೇಲಿನ ಎರಡು ಮಹಡಿಯಲ್ಲಿ ನಮ್ಮ ಸಣ್ಣ ವಿಡಿಯೋ ಗೇಮ್ ಕಂಪನಿ ಇತ್ತು. ನಮ್ಮ ಹೆಸರುವಾಸಿ ಆಟ 'ಮುಳುಗಿದೂರು'. ಬೇಸಿಗೆಯಲ್ಲಿ ಅಣೆಕಟ್ಟೆಯ ನೀರು ಇಳಿದಾಗ ಹಳೆಯ ಹಳ್ಳಿಯೊಂದು ಮೇಲೇಳುತ್ತದೆ. ಹೊನ್ನಿ ಎಂಬ ಹುಡುಗಿ ಅಲ್ಲಿಗೆ ಹೋಗಿ, ಜನ ಬಿಟ್ಟುಬಂದ ಒರಳುಕಲ್ಲು, ತೊಟ್ಟಿಲು, ದೇವರ ಗಂಟೆ ಇಂಥವನ್ನೆಲ್ಲ ನೀರು ಮತ್ತೆ ಏರುವುದರೊಳಗೆ ತಂದುಬಿಡಬೇಕು. ಆಟ ಗೆದ್ದಿತು. ಗೆದ್ದ ಆಟಕ್ಕೆ ಎರಡನೆಯ ಭಾಗ, ಮೂರನೆಯ ಭಾಗ ಬರುತ್ತವೆ. ಒಂದೊಂದು ಭಾಗಕ್ಕೂ ಬರೆಯುವವರು ಬೇರೆ, ಚಿತ್ರ ಬಿಡಿಸುವವರು ಬೇರೆ, ಮೇಲೆ ಕೂತು ಹುಕುಂ ಮಾಡುವವರು ಬೇರೆ. ಹಾಗಾಗಿ ನಾಯಕಿ ಒಂದು ಭಾಗದಲ್ಲಿ ಅಳುಬುರುಕಿಯಾಗಿ, ಇನ್ನೊಂದರಲ್ಲಿ ಗಂಡುಬೀರಿಯಾಗಿ, ಮತ್ತೊಂದರಲ್ಲಿ ಯಾರೋ ಏನೋ ಆಗಿಬಿಡುತ್ತಾಳೆ. ಹಾಗಾಗದಂತೆ ಅವಳ ನಡತೆಯನ್ನು ಕಾಯುವುದು ನನ್ನ ಕೆಲಸ. ಆ ಕೆಲಸದಲ್ಲಿ ನಾನು ಸೋತವನು, ಅದನ್ನು ಈಗಲೇ ಒಪ್ಪಿಕೊಂಡುಬಿಡುತ್ತೇನೆ.

ಅದಕ್ಕೆ ಮುಂಚೆ ನಾನು ಒಂದು ಅಚ್ಚುಕೂಟದಲ್ಲಿ ಪಂಚಾಂಗದ ಕರಡು ತಿದ್ದುತ್ತಿದ್ದೆ. ನಮ್ಮ ಮನೆ ಹೊಳೆನರಸೀಪುರದ್ದು. ಅಪ್ಪ ಜಾತಕ ಬರೆಯುತ್ತಿದ್ದರು, ಪಂಚಾಂಗಕ್ಕೆ ಲೆಕ್ಕ ಹಾಕಿಕೊಡುತ್ತಿದ್ದರು. ನನಗೆ ಆ ವಿದ್ಯೆ ಅರ್ಧ ಬಂತು, ಇನ್ನರ್ಧಕ್ಕೆ ತಾಳ್ಮೆ ಇರಲಿಲ್ಲ. ಒಂದು ವರ್ಷ ನನ್ನ ಕಣ್ತಪ್ಪಿನಿಂದ ಏಕಾದಶಿ ಒಂದು ದಿನ ಹಿಂದಕ್ಕೆ ಅಚ್ಚಾಗಿ, ಊರಿನ ಅರ್ಧ ಜನ ಒಂದು ದಿನ, ಇನ್ನರ್ಧ ಜನ ಮಾರನೆಯ ದಿನ ಉಪವಾಸ ಮಾಡಿದರು. ಕೆಲವು ಮುದುಕಿಯರು ಯಾವುದಕ್ಕೂ ಇರಲಿ ಎಂದು ಎರಡೂ ದಿನ ಮಾಡಿದರು. ಅವತ್ತು ಅಪ್ಪ ನನ್ನ ಜೊತೆ ಮಾತಾಡಲಿಲ್ಲ. ಅಚ್ಚಿಗೆ ಹೋದ ತಪ್ಪು ಯಾರದೋ ಹೊಟ್ಟೆಯಲ್ಲಿ ಕೂರುತ್ತದೆ ಎಂದು ನನಗೆ ಆಗಲೇ ತಿಳಿಯಬೇಕಿತ್ತು.

ಕಂಪನಿ ಕಟ್ಟಿದವರು ಚನ್ನರಾಯಪಟ್ಟಣದ ಮಂಜೇಗೌಡರು. ತೆಂಗಿನ ತೋಟ, ಸಾಮಿಲ್ ಎಲ್ಲ ಇದ್ದ ಮನುಷ್ಯ. ಕಂಪ್ಯೂಟರ್ ಮುಟ್ಟಲು ಬಾರದಿದ್ದರೂ ಆಟದ ರುಚಿ ಮಾತ್ರ ಚೆನ್ನಾಗಿ ಗೊತ್ತಿತ್ತು. ದಿನಾ ಹುಡುಗರ ಹಿಂದೆ ನಿಂತು, ಹೊನ್ನಿ ನಡೆಯುವುದನ್ನು ನೋಡುತ್ತಿದ್ದರು. ಮೊದಲ ಭಾಗ ಅರ್ಧ ಆಗಿದ್ದಾಗ ಒಂದು ದಿನ ನನ್ನ ಮೇಜಿನ ಹತ್ತಿರ ಬಂದು ಕೂತರು.

"ಏನ್ ಸಾಮಿ, ಈ ಉಡ್ಗಿ ಬೆಳಿಗ್ಗೆ ಒಂಥರಾ ಆಡ್ತಾಳೆ, ಸಂಜೀಕೆ ಇನ್ನೊಂಥರಾ ಆಡ್ತಾಳೆ. ಇವ್ಳಿಗೊಂದು ಉಟ್ಟಿದ್ ಗಳ್ಗೆ ಅಂತ ಇಲ್ವಾ? ನಿಮ್ಮಪ್ಪಾರು ಊರಿಗೆಲ್ಲ ಜಾತ್ಕ ಬರ್ಕೊಟ್ಟೋರು. ಇವ್ಳಿಗೂ ಒಂದು ಬರೀರಿ. ಆಮ್ಯಾಕೆ ಯಾವನೇ ಬಂದ್ರೂ ಅದ್ನ ನೋಡ್ಕಂಡ್ ಬರೀಲಿ."

ಅವರು ಅರ್ಧ ತಮಾಷೆಗೆ ಹೇಳಿದ್ದು. ನನಗೆ ಮಾತ್ರ ಹಿಡಿಸಿಬಿಟ್ಟಿತು. ಒಂದು ಉದ್ದನೆಯ ಪುಸ್ತಕ ತಂದು ಅದಕ್ಕೆ 'ನಡತೆ ಪುಸ್ತಕ' ಎಂದು ಹೆಸರಿಟ್ಟು, ಮೊದಲ ಪುಟದಲ್ಲಿ ಕುಂಡಲಿಯ ಮನೆಗಳನ್ನು ಎಳೆದೆ. ಆಮೇಲೆ ಎರಡು ದಿನ ಕೈ ಮುಂದೆ ಹೋಗಲಿಲ್ಲ. ಅಪ್ಪ ಒಂದು ಮಾತನ್ನು ಯಾವಾಗಲೂ ಹೇಳುತ್ತಿದ್ದರು. ಹುಟ್ಟದ ಜೀವಕ್ಕೆ ಕುಂಡಲಿ ಹಾಕಬೇಡ, ಅದು ಬಾಗಿಲು ತೆರೆದಿಟ್ಟ ಖಾಲಿ ಮನೆಯ ಹಾಗೆ, ಯಾರು ಬಂದು ಸೇರಿಕೊಳ್ಳುತ್ತಾರೋ ಗೊತ್ತಾಗುವುದಿಲ್ಲ ಎಂದು. ನಾನು ಅಷ್ಟೇನೂ ನಂಬುವವನಲ್ಲ. ಆದರೂ ಹುಟ್ಟಿದ ಹೊತ್ತನ್ನು ಸುಳ್ಳಾಗಿ ಬರೆಯಲು ಮನಸ್ಸಾಗಲಿಲ್ಲ. ಆಗ ನಾನು ಮಾಡಿದ ಜಾಣತನವೇ ಈ ಕಥೆಗೆಲ್ಲ ಮೂಲ. ಸುಳ್ಳು ಬೇಡ, ನಿಜವಾಗಿ ಹುಟ್ಟಿದವರದನ್ನೇ ಹಾಕೋಣ ಎಂದುಕೊಂಡು, ನನ್ನ ತಂಗಿಯ ಮಗಳ ಜಾತಕವನ್ನು ನಕಲು ಮಾಡಿದೆ.

ತಂಗಿ ಶಾರದೆಯನ್ನು ಅರಕಲಗೂಡಿಗೆ ಕೊಟ್ಟಿತ್ತು. ಅವಳ ಒಬ್ಬಳೇ ಮಗಳು ಮೇಧಾಗೆ ಆಗ ಐದು ವರ್ಷ. ಅಪ್ಪ ತಮ್ಮ ಕೈಯಾರೆ ಬರೆದ ಕೊನೆಯ ಜಾತಕ ಅದು. ಕರ್ಕಾಟಕ ಲಗ್ನ, ಎಂಟರಲ್ಲಿ ಚಂದ್ರ, ಶತಭಿಷಾ ನಕ್ಷತ್ರ. ಕೆಳಗೆ ಚಿಕ್ಕ ಅಕ್ಷರದಲ್ಲಿ, ಹದಿನೇಳರಲ್ಲಿ ಜಲಗಂಡ, ಎಂದು ಬರೆದು ಅದರ ಕೆಳಗೆ ಎರಡು ಗೆರೆ ಎಳೆದಿದ್ದರು. ನೀರಿನಿಂದ ಪ್ರಾಣಕ್ಕೆ ಅಪಾಯ ಎಂದು ಅದರ ಅರ್ಥ. ಆ ಎರಡು ಗೆರೆಯಿಂದಾಗಿ ಮಗುವನ್ನು ಯಾರೂ ಹೊಳೆಯ ಕಡೆ ಕರೆದುಕೊಂಡು ಹೋಗುತ್ತಿರಲಿಲ್ಲ. ಬಿಂದಿಗೆ ನೀರು ಚೆಲ್ಲಿದರೂ ಅದು ಅಮ್ಮನ ಸೆರಗು ಹಿಡಿದುಕೊಳ್ಳುತ್ತಿತ್ತು.

ಹೊನ್ನಿಗೂ ನಾನು ಅದನ್ನೇ ಕೊಟ್ಟೆ. ಮೊಣಕಾಲಿಗಿಂತ ಮೇಲೆ ನೀರು ಬಂದರೆ ಹೆದರಿ ನಿಂತುಬಿಡುತ್ತಾಳೆ, ಆಟ ಮುಗಿಯುತ್ತದೆ. ಹತ್ತು ಹೆಜ್ಜೆಗೊಮ್ಮೆ ದಡದಲ್ಲಿ ಕೂತ ಅಮ್ಮನನ್ನು ಕೂಗುತ್ತಾಳೆ. ಎಡಗೈಯವಳು. ಸುಳ್ಳು ಹೇಳುವುದಿಲ್ಲ. ಜಾತಕ ಬಾಯಿಬಿಡದ ಕಡೆ ಮೇಧಾಳನ್ನೇ ನೋಡಿ ಬರೆದೆ. ಮೊದಲ ಭಾಗ ಬಂದಾಗ ಜನ, ಹೊನ್ನಿ ನಮ್ಮ ಮನೆಯ ಹುಡುಗಿಯ ಹಾಗಿದ್ದಾಳೆ ಎಂದು ಬರೆದು ಕಳಿಸಿದರು. ನನಗೆ ಬಹಳ ಹೆಮ್ಮೆಯಾಯಿತು. ಮನೆಯಲ್ಲಿ ಈ ವಿಷಯ ಹೇಳಲಿಲ್ಲ.

ಎರಡನೆಯ ಭಾಗಕ್ಕೆ ವಿಕ್ರಮ್ ಎಂಬವರು ಮುಖ್ಯಸ್ಥರಾಗಿ ಬಂದರು. ಕೆಟ್ಟವರಲ್ಲ, ಆದರೆ ಯಾವುದನ್ನೂ ಎರಡು ಸಲ ಓದುತ್ತಿರಲಿಲ್ಲ. ನಿಮಗೆ ಇಂಥ ಮೇಲಧಿಕಾರಿಗಳೇ ಹೆಚ್ಚು ಸಿಗುತ್ತಾರೆ, ಸಿದ್ಧರಾಗಿರಿ.

"ಮೇಷ್ಟ್ರೇ, ಮೊಣಕಾಲು ನೀರಲ್ಲಿ ನಿಂತು ಅಮ್ಮಾ ಅಮ್ಮಾ ಅಂತ ಕೂಗೋ ಹುಡುಗೀನ ಎಷ್ಟು ಸಲ ಅಂತ ಆಡ್ತಾರೆ? ಈ ಸಲ ಅವಳ ಕೈಗೆ ಕುಡುಗೋಲು ಬರುತ್ತೆ. ಭಯ ತೆಗೀರಿ" ಎಂದರು.

"ಹೋದ ಭಾಗದಲ್ಲಿ ಅಷ್ಟು ಹೆದರಿದವಳು ಈಗ ಇದ್ದಕ್ಕಿದ್ದ ಹಾಗೆ ಹೇಗೆ ಇಳೀತಾಳೆ? ನಡುವೆ ಏನಾಯ್ತು ಅಂತ ಹೇಳಬೇಡವೇ?"

"ಏನೂ ಆಗಲಿಲ್ಲ. ಭಯ ಇಲ್ಲ ಅಷ್ಟೇ."

ಅಂದು ಸೋಮವಾರ, ಊಟಕ್ಕೆ ಏಳುವ ಮುಂಚೆ. ನಾನು ಕರಡು ತಿದ್ದುವ ಅಭ್ಯಾಸದಂತೆ ಕೆಂಪು ಶಾಯಿಯಲ್ಲಿ 'ನೀರಿನ ಭಯ' ಎಂಬುದರ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ತೆಗೆಯಿರಿ ಎನ್ನುವ ಗುರುತು ಹಾಕಿದೆ. ಸಂಜೆ ಶಾರದೆಯ ಫೋನ್ ಬಂತು.

"ಅಣ್ಣ, ಕೊಣನೂರಿಗೆ ಒಂದು ಮುಂಜಿಗೆ ಹೋಗಿದ್ವಿ ಕಣೋ. ಎಲೆ ಹಾಕೋ ಹೊತ್ತಿಗೆ ಮೇಧಾ ಕಾಣಿಸ್ಲಿಲ್ಲ. ಹುಡುಕ್ಕೊಂಡು ಹೊಳೆ ಹತ್ರ ಹೋದ್ರೆ ಎದೆಮಟ್ಟ ನೀರಲ್ಲಿ ನಿಂತಿದಾಳೆ. ನಮ್ಮ ಕಡೆ ಬೆನ್ನು ಹಾಕ್ಕೊಂಡು, ಸುಮ್ಮನೆ. ಅಳ್ತಾನೂ ಇಲ್ಲ, ನಗ್ತಾನೂ ಇಲ್ಲ. ಯಾಕೆ ಇಳಿದೆ ಅಂತ ಕೇಳಿದ್ರೆ, ಭಯ ಆಗ್ತಾ ಇಲ್ವಲ್ಲಮ್ಮ ಅಂತಾಳೆ."

ಅವಳಿಗೆ ಆಗ ಒಂಬತ್ತು ವರ್ಷ. ಮಕ್ಕಳು ಹೀಗೆಲ್ಲ ಮಾಡುತ್ತಾರೆ, ಹೆದರಬೇಡ ಎಂದು ತಂಗಿಗೆ ಹೇಳಿದೆ. ಎಷ್ಟು ಹೊತ್ತಿಗೆ ಇಳಿದಳು ಎಂದು ಕೇಳಲು ಧೈರ್ಯ ಬರಲಿಲ್ಲ. ಎಲೆ ಹಾಕುವ ಹೊತ್ತು ಎಂದರೆ ಎಷ್ಟು ಗಂಟೆ ಎನ್ನುವುದು ಪಂಚಾಂಗದವನಿಗೆ ಬೇರೆ ಹೇಳಬೇಕಾಗಿಲ್ಲ.

ಎರಡನೆಯ ಭಾಗ ಬಂದ ಮೇಲೆ ದೊಡ್ಡಗದ್ದವಳ್ಳಿಯಿಂದ ಒಬ್ಬ ಶಾಲೆಯ ಮೇಷ್ಟ್ರು ಕಾಗದ ಬರೆದರು. ಮೊದಲ ಭಾಗದಲ್ಲಿ ಎಡಗೈಯಿಂದ ಸಾಮಾನು ಎತ್ತುತ್ತಿದ್ದ ಹೊನ್ನಿ ಈಗ ಬಲಗೈಯಿಂದ ಕುಡುಗೋಲು ಬೀಸುತ್ತಾಳೆ, ಇದೇನು ಎಂದು. ಚಿತ್ರ ಬಿಡಿಸಿದವನು ಅವಳನ್ನು ಕನ್ನಡಿಯಲ್ಲಿ ನೋಡಿದಂತೆ ತಿರುಗಿಸಿಬಿಟ್ಟಿದ್ದ, ನಾನೂ ಗಮನಿಸಿರಲಿಲ್ಲ. ಕಾಗದ ಓದಿದ ಸಂಜೆಯೇ ಕಾಲು ಕಿಲೋ ಮೈಸೂರುಪಾಕು ಕಟ್ಟಿಸಿಕೊಂಡು ಅರಕಲಗೂಡಿನ ಬಸ್ಸು ಹತ್ತಿದೆ. ಮೇಧಾ ನಡುಮನೆಯಲ್ಲಿ ಕೂತು ಬರೆಯುತ್ತಿದ್ದಳು, ಎಡಗೈಯಲ್ಲೇ. ನನಗಾದ ಸಮಾಧಾನವನ್ನು ಏನೆಂದು ಹೇಳಲಿ. ತಂಗಿ ಮಾಡಿಕೊಟ್ಟ ಉಪ್ಪಿಟ್ಟನ್ನು ಎರಡು ಸಲ ಹಾಕಿಸಿಕೊಂಡು ತಿಂದೆ.

ಹಿಂತಿರುಗುವಾಗ ಬಸ್ಸಿನಲ್ಲಿ ಯೋಚಿಸಿದೆ. ಚಿತ್ರದ ತಪ್ಪು ಅವಳನ್ನು ಮುಟ್ಟಿಲ್ಲ. ಪುಸ್ತಕದಲ್ಲಿ, ಆ ಜಾತಕದ ಕೆಳಗೆ ಬರೆದದ್ದು ಮಾತ್ರ ಮುಟ್ಟುತ್ತದೆ. ಹಾಗಿದ್ದರೆ ಒಳ್ಳೆಯದನ್ನೂ ಬರೆಯಬಹುದಲ್ಲ ಎಂದು ಮಾರನೆಯ ದಿನ 'ಗಣಿತದಲ್ಲಿ ಬಹಳ ಜಾಣೆ' ಎಂದು ಸೇರಿಸಿದೆ. ಅದೊಂದು ಮಾತ್ರ ಫಲಿಸಲಿಲ್ಲ. ಅವಳ ಗಣಿತ ಇವತ್ತಿಗೂ ಅಷ್ಟಕ್ಕಷ್ಟೆ. ಇಲ್ಲದ್ದನ್ನು ಕೂಡಿಸಲು ಆಗುವುದಿಲ್ಲ, ಇದ್ದದ್ದನ್ನು ತೆಗೆಯಲು ಮಾತ್ರ ಆಗುತ್ತದೆ ಎಂದು ನನಗೆ ಆಗ ಹೊಳೆಯಿತು. ಅಂದಿನಿಂದ ಕೆಂಪು ಶಾಯಿಯ ಪೆನ್ನನ್ನು ಮನೆಯಲ್ಲೇ ಬಿಟ್ಟುಬಂದೆ. ಏನಾದರೂ ತೆಗೆಯಿರಿ ಎಂದರೆ ಆಗಲಿ ಎನ್ನುತ್ತಿದ್ದೆ, ತೆಗೆಯುತ್ತಿರಲಿಲ್ಲ. ಮೇಲಿನವರ ಮಾತಿಗೆ ತಲೆಯಾಡಿಸಿ ಕೆಲಸ ಮಾಡದೆ ಇರುವ ಕಲೆಯನ್ನು ಸರ್ಕಾರಿ ನೌಕರರಿಂದ ಕಲಿಯಬೇಕು, ನಾನು ತಡವಾಗಿ ಕಲಿತೆ.

ಮೂರನೆಯ ಭಾಗದ ಹೊತ್ತಿಗೆ ಕೆಲಸದ ರೀತಿಯೇ ಬದಲಾಯಿತು. ಪುಸ್ತಕಗಳನ್ನೆಲ್ಲ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಏರಿಸಿದರು. ಎಲ್ಲರೂ ನೋಡಬಹುದು, ಎಲ್ಲರೂ ತಿದ್ದಬಹುದು. ನನ್ನ ನಡತೆ ಪುಸ್ತಕವೂ ಜಾತಕದ ಸಮೇತ ಏರಿತು. ಹೊರದೇಶದ ಮಾರುಕಟ್ಟೆಗೆ ಆಟ ಹೋಗಬೇಕು, ಅಲ್ಲಿಯವರಿಗೆ ಒಂಟಿ ನಾಯಕಿ ಬೇಕು ಎಂದು ಯಾರೋ ಸಭೆಯಲ್ಲಿ ಹೇಳಿದರು. ನಾನು ಅವತ್ತು ರಜೆಯಲ್ಲಿದ್ದೆ. ಮಾರನೆಯ ದಿನ ಬಂದು ನೋಡಿದರೆ ಹೊನ್ನಿಯ ಪುಟದಲ್ಲಿ 'ಅಮ್ಮ' ಎಂಬ ಸಾಲೇ ಇಲ್ಲ. ದಡದಲ್ಲಿ ಬರೀ ಕಲ್ಲು.

ಶಾರದೆಗೆ ಫೋನ್ ಮಾಡಿದೆ. ಹತ್ತು ಸಲ ರಿಂಗಾದ ಮೇಲೆ ತೆಗೆದಳು. ದನಿ ಬತ್ತಿಹೋಗಿತ್ತು.

"ಮೇಧಾಗೆ ನಿನ್ನೆಯಿಂದ ಜ್ವರ ಅಣ್ಣ. ಜ್ವರ ಇರ್ಲಿ ಬಿಡು, ಇಳಿಯುತ್ತೆ. ನನ್ನನ್ನ ನೋಡಿ ಅವರಪ್ಪನ್ನ ಕೇಳ್ತಾಳೆ, ಅವರು ಯಾರಪ್ಪ, ನಮ್ಮನೇಲಿ ಯಾಕಿದಾರೆ ಅಂತ. ಮರ್ಯಾದೆ ಕೊಟ್ಟು ಮಾತಾಡಿಸ್ತಾಳೆ ಕಣೋ ನನ್ನನ್ನ. ನೀವು ಊಟ ಮಾಡಿದ್ರಾ ಅಂತ ಕೇಳಿದ್ಲು."

ಹೆತ್ತವಳಿಗೆ ಆ ಮರ್ಯಾದೆ ಎಷ್ಟು ಉರಿದಿರಬೇಕು. ನಾನು ಕೂಡಲೇ ಆ ಸಾಲನ್ನು ಕಂಪ್ಯೂಟರಿನಲ್ಲಿ ಮತ್ತೆ ಬರೆದೆ. ಜ್ವರ ಮೂರು ದಿನಕ್ಕೆ ಇಳಿಯಿತು, ಗುರುತು ಹಿಡಿದಳು, ಅಮ್ಮ ಎಂದು ಕರೆದಳು. ಆದರೆ ಆಮೇಲೆ ಕರೆಯುವ ಮೊದಲು ಒಂದು ಗಳಿಗೆ ನಿಂತು ನೋಡುವುದು ಅಭ್ಯಾಸವಾಯಿತು ಎಂದು ಶಾರದೆ ಹೇಳುತ್ತಾಳೆ. ಮರು ವಾರ ಯಾರೋ ಆ ಸಾಲನ್ನು ಮತ್ತೆ ಅಳಿಸಿದರು, ನಾನು ಮತ್ತೆ ಬರೆದೆ. ಆಟ ಬಿಡುಗಡೆಯಾಗುವವರೆಗೆ ದಿನಾ ಬೆಳಿಗ್ಗೆ ಕಾಫಿಗೂ ಮೊದಲು ಆ ಪುಟ ತೆರೆದು ನೋಡುವುದೇ ನನ್ನ ಕೆಲಸವಾಯಿತು. ಹೊಸಬರು ನನ್ನನ್ನು ಬಹಳ ನಿಷ್ಠಾವಂತ ಎಂದುಕೊಂಡಿದ್ದರು.

ಪುಟವನ್ನೇ ಅಳಿಸಿಬಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಒಂದು ಸಾಲು ತೆಗೆದರೆ ಅಮ್ಮ ಮರೆತುಹೋಗುತ್ತಾಳೆ. ಪುಟವನ್ನೇ ತೆಗೆದರೆ ಏನಾದೀತು ಎಂದು ಪರೀಕ್ಷೆ ಮಾಡುವ ಎದೆ ನನಗಿರಲಿಲ್ಲ.

ನಾಲ್ಕನೆಯ ಭಾಗದ ಕಥೆ ಓದಿದ ದಿನ ಜಲಗಂಡದ ಕೆಳಗೆ ಅಪ್ಪ ಎಳೆದ ಆ ಎರಡು ಗೆರೆ ಕಣ್ಣ ಮುಂದೆ ಬಂದವು. ಹೊನ್ನಿಗೆ ಈಗ ಹದಿನೇಳು. ಊರು ಮುಳುಗಲು ಅವಳೇ ಕಾರಣ, ತೂಬು ತೆರೆದವಳು ಅವಳೇ ಎಂದು ಕೊನೆಯಲ್ಲಿ ಗೊತ್ತಾಗುತ್ತದೆ. ಅವಳು ನೀರಿಗೆ ಇಳಿಯುತ್ತಾಳೆ. ತಲೆ ಮುಳುಗುತ್ತದೆ. ಪರದೆ ಕಪ್ಪಾಗುತ್ತದೆ. ಬದುಕಿದಳೋ ಇಲ್ಲವೋ ಐದನೆಯ ಭಾಗದಲ್ಲಿ ನೋಡೋಣ ಎಂದು ವಿಕ್ರಮ್ ನಕ್ಕರು. ಅರಕಲಗೂಡಿನಲ್ಲಿ ಮೇಧಾಗೆ ಮುಂದಿನ ತಿಂಗಳು ಹದಿನೇಳು ತುಂಬುವುದಿತ್ತು.

ಸಭೆಯಲ್ಲಿ ವಾದ ಮಾಡಿದೆ. "ಸುಳ್ಳನ್ನೇ ಹೇಳದಿದ್ದ ಹುಡುಗಿ ಊರನ್ನು ಮುಳುಗಿಸಿ, ಮೂರು ಭಾಗ ಸುಮ್ಮನಿದ್ದಳು ಅಂದರೆ ಯಾರು ನಂಬ್ತಾರೆ?"

"ಜನ ಬದಲಾಗ್ತಾರೆ ಮೇಷ್ಟ್ರೇ" ಎಂದರು ವಿಕ್ರಮ್.

"ಇವಳು ತಾನಾಗಿ ಬದಲಾಗಿಲ್ಲ. ನಾವು ಸಲಸಲಕ್ಕೂ ಹಿಡಿದು ತಿರುಚಿದ್ದೇವೆ."

ನನ್ನ ದನಿ ಏರಿತ್ತು. ನಿವೃತ್ತಿ ಹತ್ತಿರ ಬಂದವರಿಗೆ ಹೀಗಾಗುತ್ತದೆ ಎಂದು ಆಚೆ ಯಾರೋ ಮಾತಾಡಿಕೊಂಡಿದ್ದು ಕಿವಿಗೆ ಬಿತ್ತು.

ಮಾರನೆಯ ದಿನ ಚನ್ನರಾಯಪಟ್ಟಣಕ್ಕೆ ಹೋದೆ. ಮಂಜೇಗೌಡರು ಕಂಪನಿಯ ದಿನದ ವ್ಯವಹಾರ ಬಿಟ್ಟು ತೋಟ ಸೇರಿ ಆಗಲೇ ಎಷ್ಟೋ ಕಾಲವಾಗಿತ್ತು. ತೆಂಗಿನ ಮರದ ಬುಡದಲ್ಲಿ ಕುರ್ಚಿ ಹಾಕಿಸಿ ಕೂರಿಸಿದರು. ಎಲ್ಲ ಹೇಳಿದೆ. ಈ ವಿಷಯ ನಾನು ಬಾಯಿಬಿಟ್ಟು ಹೇಳಿದ್ದು ಅವರೊಬ್ಬರ ಹತ್ತಿರವೇ. ಅವರು ನಗಲಿಲ್ಲ.

"ಮೊದ್ಲೇ ಯೋಳ್ಬಾರ್ದಾಗಿತ್ತಾ ಸಾಮಿ?"

"ಹೇಳಿದ್ರೆ ನಂಬ್ತಿದ್ರಾ ಗೌಡ್ರೇ?"

"ನಂಬ್ತಿದ್ದೆ ಕಣ್ ಸಾಮಿ. ಬರ್ಸಿದ್ದೇ ನಾನಲ್ವಾ." ಅವರು ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡರು. "ಆಟ ನಿಲ್ಸಾದು ಈಗ ನನ್ ಕೈಲಿಲ್ಲ. ಅದು ಬ್ಯಾರೇರ್ ಪಾಲಾಗ್ಬುಡ್ತು. ನೀವೊಂದ್ ಕೆಲ್ಸ ಮಾಡಿ. ಮಗೀನ್ ಜಾತ್ಕ ಅಲ್ಲಿಂದ ತೆಗ್ದು, ಅದೇ ಜಾಗ್ದಾಗೆ ಇನ್ನೊಬ್ರುದ್ ಕೂರ್ಸಿ. ಜಾಗ ಮಾತ್ರ ಖಾಲಿ ಬುಡ್ಬ್ಯಾಡಿ."

"ಯಾರದ್ದು ಕೂರಿಸಲಿ?"

"ನಂದಿದ್ರೆ ಕೊಡ್ತಿದ್ದೆ ಸಾಮಿ, ದೇವ್ರಾಣೆಗೂ. ಆದ್ರೆ ನಮ್ಮವ್ವ ನಾ ಉಟ್ಟಿದ್ದು ರಾಗಿ ಒಕ್ಕಣೆ ಕಾಲ ಅಂತ ಮಾತ್ರ ಯೋಳವ್ಳೆ. ದಿನಾನೇ ಗೊತ್ತಿಲ್ಲ, ಇನ್ನು ಗಳ್ಗೆ ಎಲ್ಲಿಂದ ತರ್ಲಿ?"

ಅಲ್ಲಿಂದ ನೇರ ಹೊಳೆನರಸೀಪುರಕ್ಕೆ ಬಂದೆ. ಅಪ್ಪನ ಪೆಟ್ಟಿಗೆಯಲ್ಲಿ ಅರ್ಧ ಊರಿನ ಜಾತಕದ ನಕಲುಗಳಿದ್ದವು. ಒಂದೊಂದಾಗಿ ತೆಗೆದು ಮಡಿಲಲ್ಲಿ ಇಟ್ಟುಕೊಂಡೆ. ತೀರಿಕೊಂಡವರದು ಆಗುವುದಿಲ್ಲ, ಅದು ಖಾಲಿಗೆ ಸಮ. ಬದುಕಿದ್ದವರಲ್ಲಿ ನನಗೆ ಆಗದವರೂ ಇದ್ದರು. ಚಿಕ್ಕಂದಿನಲ್ಲಿ ನನ್ನನ್ನು ಶಾಲೆಯ ಎದುರು ಕಪಾಳಕ್ಕೆ ಹೊಡೆದ ಒಬ್ಬನ ಜಾತಕದ ಮೇಲೆ ನನ್ನ ಕೈ ಒಂದು ಕ್ಷಣ ನಿಂತಿತು. ಸುಳ್ಳೇಕೆ ಹೇಳಲಿ, ಒಂದು ಕ್ಷಣವಲ್ಲ, ಚೆನ್ನಾಗಿಯೇ ನಿಂತಿತು. ಅವನಿಗೂ ಮೊಮ್ಮಕ್ಕಳಿರಬಹುದು ಎನ್ನಿಸಿತು. ಎಲ್ಲವನ್ನೂ ಪೆಟ್ಟಿಗೆಗೆ ಹಾಕಿ, ಒಂದನ್ನು ಮಾತ್ರ ಇಟ್ಟುಕೊಂಡೆ. ಅದು ನನ್ನದು.

ಮಾರನೆಯ ದಿನ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋಗಿದ್ದಾಗ ಕೆಲಸ ಮಾಡಿದೆ. ಮೊದಲು ಹಳೆ ಪುಸ್ತಕದ ಪುಟದ ಮೇಲೆ ನನ್ನ ಜಾತಕವನ್ನು ಗೋಂದು ಹಚ್ಚಿ ಅಂಟಿಸಿದೆ, ಆಮೇಲೆ ಅದನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಹಳೆಯದರ ಜಾಗಕ್ಕೆ ಹಾಕಿದೆ. ಕಿಟಕಿಯಾಚೆ ಬಿಸಿಲು ಕಣ್ಣು ಕುಕ್ಕುತ್ತಿತ್ತು, ಕೆಳಗೆ ಅಂಗಡಿಯಲ್ಲಿ ಕಬ್ಬಿಣದ ಸರಳುಗಳನ್ನು ಇಳಿಸುವ ಸದ್ದು ಕೇಳುತ್ತಿತ್ತು. ಎದುರಿನ ಪರದೆಯಲ್ಲಿ ಹೊನ್ನಿ ಯಾವಾಗಲೂ ನಿಲ್ಲುವ ಹಾಗೆ ಬೆನ್ನು ತಿರುಗಿಸಿ ನಿಂತಿದ್ದಳು. ಯಾರೂ ಗುಂಡಿ ಒತ್ತಿರಲಿಲ್ಲ. ಅವಳು ನಿಧಾನವಾಗಿ ನನ್ನ ಕಡೆ ತಿರುಗಿದಳು. ನಾನು ಎದ್ದು ಆಚೆ ಹೋಗಿ, ಎಲ್ಲರೂ ಊಟ ಮುಗಿಸಿ ಬರುವವರೆಗೆ ಮೆಟ್ಟಿಲ ಮೇಲೆ ಕೂತಿದ್ದೆ.

ಸ್ಮಿತಾ ಆಗ ಹೊನ್ನಿಯ ನಡಿಗೆ, ಚಲನೆ ಮಾಡುವ ಕೆಲಸದಲ್ಲಿದ್ದಳು. ಒಂದು ವಾರದ ಮೇಲೆ ಬಂದು ನನ್ನ ಮೇಜಿನ ಹತ್ತಿರ ನಿಂತಳು.

"ಸರ್, ಹೊನ್ನಿ ಎಡಗಾಲು ಸ್ವಲ್ಪ ಎಳೀತಾಳೆ. ನಾನು ಹಾಗೆ ಮಾಡಿಲ್ಲ. ಸರಿ ಮಾಡಿದ್ರೂ ಮತ್ತೆ ಹಾಗೇ ಬರುತ್ತೆ."

ನಾನು ಮೇಜಿನ ಕೆಳಗೆ ನನ್ನ ಎಡ ಮಂಡಿಯನ್ನು ಕೈಯಿಂದ ಮುಚ್ಚಿಕೊಂಡೆ. ಮಳೆಗಾಲದಲ್ಲಿ ಅದು ನನ್ನ ಮಾತು ಕೇಳುವುದಿಲ್ಲ.

ಆಮೇಲೆ ಹೊನ್ನಿಗೆ ನನ್ನ ಕೆಮ್ಮು ಶುರುವಾಯಿತು. ದನಿ ಕೊಟ್ಟ ಹುಡುಗಿ ತಾನು ಕೆಮ್ಮಿಯೇ ಇಲ್ಲ ಎಂದು ಆಣೆ ಇಟ್ಟಳು. ಮುಳುಗಿದ ಊರಿನಲ್ಲಿ ಅಲ್ಲಲ್ಲಿ ಹಳೆಯ ಫಲಕಗಳಿದ್ದವು. ಹೊನ್ನಿ ಅವುಗಳ ಮುಂದೆ ನಿಂತು, ಅಕ್ಷರಗಳ ಕೆಳಗೆ ಬೆರಳಿಟ್ಟು, ಒಂದೊಂದನ್ನೂ ಎರಡೆರಡು ಸಲ ಓದತೊಡಗಿದಳು. ಆಟ ಬಂದ ಮೇಲೆ ಜನ ಸಿಟ್ಟಾಗಿ ಬರೆದರು. ಇವಳು ನಮ್ಮ ಹೊನ್ನಿಯೇ ಅಲ್ಲ, ಹದಿನೇಳರ ಹುಡುಗಿ ಮುದುಕನ ಹಾಗೆ ಆಡುತ್ತಾಳೆ, ಇವರಿಗೆ ತಮ್ಮ ನಾಯಕಿ ಯಾರೆಂದೇ ಗೊತ್ತಿಲ್ಲ ಎಂದು. ಎಲ್ಲವೂ ನನ್ನ ತಪ್ಪು ಎಂದು ವಿಕ್ರಮ್ ಬೈದರು. ಅಷ್ಟು ವರ್ಷದಲ್ಲಿ ಅವರು ನನಗೆ ಹೇಳಿದ ಒಂದೇ ಒಂದು ನಿಜವಾದ ಮಾತು ಅದು.

ಆಟ ಬಿಡುಗಡೆಯಾದ ದಿನ, ಹೊನ್ನಿ ಊರೂರಿನ ಪರದೆಗಳಲ್ಲಿ ನೀರಿಗೆ ಇಳಿಯುತ್ತಿದ್ದಾಗ, ನಾನು ಶಾರದೆಗೆ ಗಂಟೆಗೊಂದು ಸಲ ಫೋನ್ ಮಾಡಿದೆ. ಮೇಧಾ ಓದುತ್ತಿದ್ದಾಳೆ. ಮೇಧಾ ತಲೆ ಬಾಚಿಕೊಳ್ಳುತ್ತಿದ್ದಾಳೆ. ಮೇಧಾ ಮಲಗಿದ್ದಾಳೆ, ನಿನಗೇನಾಗಿದೆ ಅಣ್ಣ ಇವತ್ತು. ಅವಳಿಗೆ ಏನೂ ಆಗಲಿಲ್ಲ. ಹುಟ್ಟುಹಬ್ಬ ಬಂತು, ಒಬ್ಬಟ್ಟು ಮಾಡಿದರು. ಹದಿನೇಳು ಕಳೆದು ಹದಿನೆಂಟಾಯಿತು. ನನಗೆ ಆದದ್ದು ಇಷ್ಟೇ. ಅಂದಿನಿಂದ ಬೆಳಿಗ್ಗೆ ಎದ್ದಾಗ ಬಾಯಲ್ಲಿ ಹೊಳೆ ನೀರಿನ ರುಚಿ ಇರುತ್ತದೆ. ಡಾಕ್ಟರು ಹೊಟ್ಟೆಯ ಉಷ್ಣ ಎಂದು ಮಾತ್ರೆ ಕೊಟ್ಟಿದ್ದಾರೆ.

ನಿವೃತ್ತಿಯಾದ ಮೇಲೆ ಮೇಧಾ ಒಂದು ದಿನ ಹಾಸನದ ಮನೆಗೆ ಬಂದಿದ್ದಳು. ಇಲ್ಲೇ ಕಾಲೇಜು ಸೇರಿದ್ದಾಳೆ, ವಾರಕ್ಕೆ ಮೂರು ದಿನ ಈಜಲು ಹೋಗುತ್ತಾಳೆ. ತಟ್ಟೆಯಲ್ಲಿದ್ದ ಚಕ್ಕುಲಿ ಮುರಿಯುತ್ತ, "ಮಾಮ, ಹೊನ್ನಿ ಈಗ ನಾನಲ್ಲ ಅಲ್ವಾ?" ಎಂದಳು.

ನಾನು ತಟ್ಟೆಯನ್ನು ಅವಳ ಕಡೆ ಸರಿಸಿದೆ.

"ಮುಂಚೆ ಆಡ್ತಿದ್ದಾಗ ಅವಳು ಯಾವ ಕಡೆ ತಿರುಗ್ತಾಳೆ ಅಂತ ನಂಗೆ ಮೊದಲೇ ಗೊತ್ತಾಗ್ತಿತ್ತು. ಅವಳಿಗೆ ನೋವಾದ್ರೆ ನಂಗೂ ಒಂಥರಾ ಆಗ್ತಿತ್ತು. ಈಗ ಏನೂ ಆಗಲ್ಲ. ಈಗ ಅವಳು ಯಾರು ಮಾಮ?"

"ಯಾರೂ ಅಲ್ಲ. ಚಕ್ಕುಲಿ ತಿನ್ನು" ಎಂದೆ.

ಅವಳು ಹೋಗುವಾಗ ಬಾಗಿಲಲ್ಲಿ ನಿಂತು ನನ್ನ ಎಡಗಾಲನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಬಗ್ಗಿ ನಮಸ್ಕಾರ ಮಾಡಿದಳು. ಅವಳು ಹಾಗೆಲ್ಲ ನಮಸ್ಕಾರ ಮಾಡುವ ಹುಡುಗಿಯಲ್ಲ. ಅವಳ ತಲೆ ಮುಟ್ಟಿದಾಗ ನನಗೆ ಆದ ಸಂತೋಷದ ಮುಂದೆ ನನ್ನ ಇಡೀ ನೌಕರಿ ಏನೂ ಅಲ್ಲ.

ಇಷ್ಟು ಬರೆದು ಮುಗಿಸುವ ಹೊತ್ತಿಗೆ, ನಿನ್ನೆ ಮಧ್ಯಾಹ್ನ, ಸ್ಮಿತಾ ಫೋನ್ ಮಾಡಿದಳು. ಐದನೆಯ ಭಾಗದ ಕೆಲಸ ಶುರುವಾಗಿದೆಯಂತೆ.

"ಸರ್, ಆ ನಡಿಗೆ, ಆ ಕೆಮ್ಮು ಬೈದವರಿಗೇ ಈಗ ಇಷ್ಟ ಆಗ್ಬಿಟ್ಟಿದೆ. ಅದಕ್ಕೇ ಹೋದ ಸಲ ಬದುಕಿಕೊಂಡಳು ಅಂತ ಮಾಡಿ, ಈ ಸಲ ಅವಳಿಗೆ ವಯಸ್ಸಾಗಿಸಿದಾರೆ. ಕೊನೇಲಿ ಮತ್ತೆ ನೀರಿಗಿಳೀತಾಳೆ. ಇನ್ಮೇಲೆ ಅವಳ ನಡತೇಲಿ ಒಂದಕ್ಷರ ಬದಲಾಯಿಸಬೇಡಿ ಅಂತ ಹೇಳಿದಾರೆ."

ಇಷ್ಟು ವರ್ಷ ಕೇಳಬೇಕೆಂದು ಕಾದಿದ್ದ ಮಾತು ಕಡೆಗೂ ಕಿವಿಗೆ ಬಿದ್ದಿತ್ತು. "ಎಷ್ಟು ವಯಸ್ಸು ಅವಳಿಗೆ?" ಎಂದು ಕೇಳಿದೆ.

"ಅರವತ್ತೆರಡು ಸರ್."

ಬರುವ ಆಷಾಢಕ್ಕೆ ನನಗೆ ಅರವತ್ತೆರಡಾಗುತ್ತದೆ. "ನೀರಿನಿಂದ ಮೇಲೆ ಬರ್ತಾಳಾ?" ಎಂದೆ.

"ಬರಲ್ಲ. ಈ ಸಲ ತೋರಿಸೇಬಿಡ್ತಾರಂತೆ" ಎಂದಳು. ಆಮೇಲೆ ದನಿ ತಗ್ಗಿಸಿ, "ಸರ್, ಮೊದಲನೇ ಪುಟದಲ್ಲಿರೋ ಹುಟ್ಟಿದ ತಾರೀಕು ನಿಮ್ಮ ನಿವೃತ್ತಿ ಕಾಗದದಲ್ಲೂ ಇದೆ. ನಾನು ನೋಡಿದೀನಿ. ನಂಗೆ ಎಲ್ಲ ಅರ್ಥ ಆಗಿಲ್ಲ, ಆದ್ರೆ ಅದು ಅಲ್ಲಿರೋದು ನಂಗೆ ಸರಿ ಕಾಣ್ತಿಲ್ಲ. ಬೇರೆ ಯಾರದಾದ್ರೂ ಹೊತ್ತು ಹೇಳಿ, ಈಗ್ಲೇ ಬದಲಾಯಿಸ್ತೀನಿ. ಯಾರೂ ಇಲ್ದಿದ್ರೆ ನಂದೇ ಹಾಕ್ಲಾ?" ಎಂದಳು.

ಅವಳಿಗೆ ಇಪ್ಪತ್ತೊಂಬತ್ತು. ಅವಳ ಹಿಂದೆ ಮಗುವೊಂದು ಏನನ್ನೋ ಬಡಿಯುತ್ತಿದ್ದ ಸದ್ದು ಕೇಳುತ್ತಿತ್ತು.

"ಬೇಡಮ್ಮ. ಆ ಪುಟ ಮುಟ್ಟಬೇಡ, ಬೇರೆಯವರಿಗೂ ಮುಟ್ಟೋಕೆ ಬಿಡಬೇಡ" ಎಂದೆ.

ಫೋನ್ ಇಟ್ಟು, ಬರೆದ ಹಾಳೆಗಳನ್ನು ಜೋಡಿಸಿದೆ. ಭಯ ಇಲ್ಲ ಎಂದು ಬರೆದರೆ ಅದೂ ಒಂದು ತಪ್ಪು ಕರಡು. ಹೆಂಡತಿ ಅಡುಗೆಮನೆಯಿಂದ, "ರೀ, ಯಾರ ಫೋನು?" ಎಂದು ಕೇಳಿದಳು.

"ಆಫೀಸಿಂದ."

"ರಿಟೈರ್ ಆದ್ಮೇಲೂ ಬಿಡಲ್ವಲ್ಲ ನಿಮ್ಮನ್ನ ಅವರು."

"ಬಿಡ್ತಾರೆ" ಎಂದೆ. "ಇದೊಂದು ಭಾಗ ಮುಗಿದ್ರೆ ಬಿಡ್ತಾರೆ."